ಬಾರದ ಅತಿಥಿಯ ಅಂಗಳದಲ್ಲಿ

ನಮ್ಮ ಮನೆಯ ಗೋಡೆಗೂಡಿನಲ್ಲಿ, ಕುರ್‌ಆನ್ ಇಟ್ಟಿದ್ದ ಹಲಗೆಯ ಕೆಳಗಿನ ಹಲಗೆಯ ಮೇಲೆ, ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕವಿತ್ತು. ಅದು ಹಾಫಿಜನ ದೀವಾನ್. ನಮ್ಮ ದಾದಾ, ಅಂದರೆ ತಂದೆಯ ತಂದೆ, ನಿಜಾಮರ ಕಾಲದಲ್ಲಿ ಗುಲ್ಬರ್ಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅವರಿಗೆ ಫಾರಸಿ ಬರುತ್ತಿತ್ತು. ಮನೆಯಲ್ಲಿ ಮದುವೆಯ ಮಾತು ನಡೆದಾಗ, ಯಾರಾದರೂ ದೂರದ ಊರಿಗೆ ಹೊರಟಾಗ, ಮಕ್ಕಳ ಜ್ವರ ಇಳಿಯದೆ ಹೋದಾಗ ಅವರು ವುಜೂ ಮಾಡಿ ಬಂದು ಆ ಬಟ್ಟೆಯನ್ನು ಬಿಚ್ಚುತ್ತಿದ್ದರು. ಕಣ್ಣು ಮುಚ್ಚಿ ಒಂದು ಪುಟ ತೆರೆದು, ಅಲ್ಲಿ ಬಂದ ಗಜಲನ್ನು ಓದಿ, ತಮ್ಮಷ್ಟಕ್ಕೆ ತಲೆಯಾಡಿಸುತ್ತಿದ್ದರು. ಇದಕ್ಕೆ ಫಾಲ್ ನೋಡುವುದು ಎಂದು ಹೆಸರು. ಮಸೀದಿಯ ಮೌಲ್ವಿ ಸಾಹೇಬರಿಗೆ ಇದು ಹಿಡಿಸುತ್ತಿರಲಿಲ್ಲ. ದಾದಾ ಅವರೊಡನೆ ವಾದಕ್ಕೆ ಹೋಗುತ್ತಿರಲಿಲ್ಲ. ಫಾಲ್ ನೋಡುವುದನ್ನು ಬಿಡುತ್ತಲೂ ಇರಲಿಲ್ಲ.

"ಹಾಫಿಜ್ ಸಾಹೇಬರು ನಮ್ಮೂರಿಗೆ ಬರುವವರಿದ್ದರು" ಎಂದು ದಾದಾ ಆಗಾಗ ಹೇಳುತ್ತಿದ್ದರು. ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತ ದಾದಿ, "ಆನೇವಾಲೇ ಥೇ, ಆಯೇಚ್ ನೈಂ" ಎಂದು ಸೇರಿಸುತ್ತಿದ್ದರು. ಬರುವವರಿದ್ದರು, ಬರಲೇ ಇಲ್ಲ. ದಾದಿಯ ಮಾತಿನ ಧಾಟಿ ಕೇಳಿ, ರೈಲು ತಪ್ಪಿಸಿಕೊಂಡ ನಮ್ಮ ನೆಂಟರು ಯಾರೋ ಇರಬೇಕೆಂದು ನಾವು ಬಹಳ ದಿನ ತಿಳಿದಿದ್ದೆವು. ನೆಂಟರಲ್ಲ, ಕವಿ ಎಂದು ತಿಳಿದದ್ದು ಉರ್ದು ಶಾಲೆಯಲ್ಲಿ. ರೈಲಲ್ಲ, ಹಡಗು ಎಂದು ತಿಳಿದದ್ದು ಕನ್ನಡ ಮಾಧ್ಯಮಕ್ಕೆ ಬಂದು ಇತಿಹಾಸದ ಪುಸ್ತಕಗಳನ್ನು ಓದತೊಡಗಿದ ಮೇಲೆ.

ಆ ಕತೆಯನ್ನು ಬರೆದಿಟ್ಟವನು ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್ ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಷ್ತಾ. 1378ರಿಂದ 1397ರವರೆಗೆ ಗುಲ್ಬರ್ಗದಿಂದ ಆಳಿದ ಬಹಮನಿ ಸುಲ್ತಾನನಿಗೆ ಕವಿಗಳೆಂದರೆ ಪ್ರೀತಿ. ಫಿರಿಷ್ತಾ ಅವನನ್ನು ಮಹಮೂದ್ ಶಾಹ ಎಂದು ಕರೆಯುತ್ತಾನೆ; ನಾಣ್ಯಗಳಲ್ಲಿ ಮುಹಮ್ಮದ್ ಎಂದಿದೆ. ಅವನ ಆಸ್ಥಾನದ ಮೀರ್ ಫಜಲುಲ್ಲಾ ಇಂಜು, ದಾರಿಯ ಖರ್ಚಿಗೆ ಹಣ ಕಳಿಸಿ ಹಾಫಿಜನನ್ನು ದಖನಿಗೆ ಕರೆದ. ಹಾಫಿಜ್ ಆ ಹಣದಲ್ಲಿ ಒಂದಷ್ಟನ್ನು ತಂಗಿಯ ಮಕ್ಕಳಿಗೆ ಕೊಟ್ಟ, ಒಂದಷ್ಟನ್ನು ಸಾಲಕ್ಕೆ ಸಲ್ಲಿಸಿದ. ಉಳಿದದ್ದನ್ನು ದಾರಿಯಲ್ಲಿ ಲಾರ್ ಎಂಬ ಊರಿನಲ್ಲಿ, ದರೋಡೆಗೆ ಸಿಕ್ಕಿ ಬರಿಗೈಯಾದ ಗೆಳೆಯನೊಬ್ಬನಿಗೆ ಕೊಟ್ಟುಬಿಟ್ಟ. ಇಬ್ಬರು ವರ್ತಕರ ನೆರವಿನಿಂದ ಹೇಗೋ ಹುರ್ಮುಜ್ ಬಂದರು ಸೇರಿ, ದಖನಿನ ಹಡಗನ್ನೂ ಹತ್ತಿದ. ಹಡಗು ಹೊರಡುವ ಮೊದಲೇ ಬಿರುಗಾಳಿ ಎದ್ದಿತು. ಗೆಳೆಯರಿಗೆ ಸಲಾಂ ಹೇಳಿ ಬರುತ್ತೇನೆಂದು ನೆಪ ಹೇಳಿ ದಡಕ್ಕಿಳಿದವನು ಹಾಗೆಯೇ ಶಿರಾಜಿಗೆ ಮರಳಿದ. ತನ್ನ ಬದಲು ಒಂದು ಗಜಲನ್ನು ಕಳಿಸಿದ. ಸುಲ್ತಾನ ಸಿಟ್ಟಾಗಲಿಲ್ಲ. ಸಾವಿರ ಬಂಗಾರದ ಟಂಕಗಳ ಬೆಲೆಯ ಉಡುಗೊರೆಗಳನ್ನು ಶಿರಾಜಿಗೇ ಕಳಿಸಿಕೊಟ್ಟನಂತೆ.

ಅವನು ಬರಲಿಲ್ಲವಾದ್ದರಿಂದ ನಾವೇ ಹೋಗಬೇಕಾಯಿತು. 2017ರ ವಸಂತದಲ್ಲಿ, ದುಬೈಯಲ್ಲಿ ಕೆಲಸದಲ್ಲಿರುವ ತಮ್ಮನ ಮನೆಗೆ ಹೋದವರು ಅಲ್ಲಿಂದ ಶಿರಾಜಿಗೆ ವಿಮಾನ ಹತ್ತಿದೆವು. ಒಂದು ಗಂಟೆ ಚಿಲ್ಲರೆಯ ದಾರಿ. ಹಾಫಿಜ್ ಹೆದರಿದ ಆ ಕೊಲ್ಲಿಯನ್ನು ನಾವು ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ದಾಟಿಬಿಟ್ಟಿದ್ದೆವು. ಕಿಟಕಿಯಿಂದ ಕೆಳಗೆ ನೋಡಿದಾಗ ನೀರು ಹಾಸಿದ ಬಟ್ಟೆಯಂತೆ ಸುಮ್ಮನೆ ಬಿದ್ದಿತ್ತು.

ಹಾಫಿಜನ ಮಜಾರ್ ಇರುವುದು ಹಳೆಯ ಊರಿನ ಉತ್ತರಕ್ಕೆ, ಮುಸಲ್ಲಾ ಎಂಬಲ್ಲಿ. ಈಗ ಅದನ್ನು ಹಾಫಿಜಿಯ್ಯಾ ಎನ್ನುತ್ತಾರೆ. ನಾವು ಹೋದದ್ದು ಅಸರ್ ನಮಾಜಿನ ನಂತರ. ಬಾಗಿಲಲ್ಲಿ ಒಬ್ಬ ಹುಡುಗ ಪುಟ್ಟ ಹಕ್ಕಿಯನ್ನು ಬೆರಳ ಮೇಲೆ ಕೂರಿಸಿಕೊಂಡು ನಿಂತಿದ್ದ. ಹಕ್ಕಿ ಕೊಕ್ಕಿನಿಂದ ಎತ್ತಿಕೊಡುವ ಚೀಟಿಯಲ್ಲಿ ಹಾಫಿಜನ ಪದ್ಯವಿರುತ್ತದೆ. ದಾದಾ ವುಜೂ ಮಾಡಿ ನೋಡುತ್ತಿದ್ದ ಫಾಲ್ ಇಲ್ಲಿ ಬೀದಿಯಲ್ಲೇ ಸಿಗುತ್ತಿತ್ತು. ಒಳಗೆ ಹೋದರೆ ಮೊದಲು ತೋಟ. ಕಿತ್ತಳೆ ಜಾತಿಯ ಮರಗಳು ಹೂ ಬಿಟ್ಟಿದ್ದವು. ನಡೆಯುವ ದಾರಿಯೆಲ್ಲ ಆ ಕಂಪು. ತೋಟದ ಕೊನೆಗೆ ಅಗಲವಾದ ಮೆಟ್ಟಿಲು, ಮೆಟ್ಟಿಲ ಮೇಲೆ ಈ ತುದಿಯಿಂದ ಆ ತುದಿಗೆ ಹಬ್ಬಿದ ಕಂಬಗಳ ಪಡಸಾಲೆ. ಅದರ ಉದ್ದ 56 ಮೀಟರ್, ಅಗಲ 8 ಮೀಟರ್. ಒಟ್ಟು 20 ಕಂಬಗಳು. ಈ ಪಡಸಾಲೆ ಜಾಗವನ್ನು ಎರಡು ಭಾಗ ಮಾಡುತ್ತದೆ: ಈಚೆ ತೋಟ, ಆಚೆ ಹಿಂದೊಮ್ಮೆ ಗೋರಿಗಳೇ ತುಂಬಿದ್ದ ಅಂಗಳ. ಆದರೆ ಎರಡು ಕಡೆಗೂ ತೆರೆದುಕೊಂಡಿರುವುದರಿಂದ ತಡೆಯಂತೆ ಕಾಣುವುದಿಲ್ಲ. ಮೆಟ್ಟಿಲು ಹತ್ತುತ್ತಿರುವಾಗಲೇ ಕಂಬಗಳ ನಡುವಿನಿಂದ ಆಚೆಯ ಮಜಾರ್ ಕಾಣತೊಡಗುತ್ತದೆ.

ನಾವು ಗುಲ್ಬರ್ಗದಲ್ಲಿ ಬೆಳೆದವರು. ಮಜಾರ್ ಎಂದರೆ ನಮ್ಮ ಕಣ್ಣಿಗೆ ಹಫ್ತ್ ಗುಂಬಜ್. ಒಳಕ್ಕೆ ವಾಲಿದ ದಪ್ಪ ಗೋಡೆ, ಚಿಕ್ಕ ಬಾಗಿಲು, ಒಳಗೆ ಕತ್ತಲು, ಬಾವಲಿಯ ವಾಸನೆ. ದೊರೆಗಳು ಸತ್ತ ಮೇಲೂ ಕೋಟೆಯಲ್ಲೇ ಮಲಗಿದ್ದಾರೆ ಎನಿಸುತ್ತದೆ. ಹಾಫಿಜನ ಮಜಾರಿಗೆ ಗೋಡೆಯೇ ಇಲ್ಲ. ದುಂಡಗೆ ಸುತ್ತುವ ಐದು ಮೆಟ್ಟಿಲು. ಅವುಗಳ ಮೇಲೆ ತಲಾ 10 ಮೀಟರ್ ಎತ್ತರದ ಎಂಟು ಕಲ್ಲುಕಂಬಗಳು. ಕಂಬಗಳ ಮೇಲೆ ತಾಮ್ರ ಹೊದಿಸಿದ ಗುಮ್ಮಟ. ಗುಮ್ಮಟದ ಆಕಾರ ದರ್ವೇಶಿಯ ಟೊಪ್ಪಿಗೆಯದು. ಎಂಟು ಕಂಬಗಳ ನಡುವೆ ಎಂಟು ಬಾಗಿಲು, ಒಂದಕ್ಕೂ ಕದವಿಲ್ಲ. ಹೊರಗಿನಿಂದ ಸಾದಾ ಕಾಣುವ ಗುಮ್ಮಟದ ಒಳಗೆ ತಲೆಯೆತ್ತಿದರೆ ಬಣ್ಣಬಣ್ಣದ ಮೆರುಗು ಹೆಂಚಿನ ತುಣುಕುಗಳನ್ನು ಜೋಡಿಸಿ ಮಾಡಿದ ಬಳ್ಳಿ, ಹೂವು, ನಕ್ಷತ್ರ. ಬೀದರಿನ ಮಹಮೂದ್ ಗಾವಾನ್ ಮದರಸಾದ ಗೋಡೆಯ ಮೇಲೆ ಉಳಿದಿರುವ ತುಣುಕುಗಳನ್ನು ಕಂಡವರಿಗೆ ಈ ಕೆಲಸ ಅಪರಿಚಿತವಲ್ಲ. ಅಲ್ಲಿ ಮಳೆ ಬಿಸಿಲಿಗೆ ಅಳಿದು ಉಳಿದದ್ದು, ಇಲ್ಲಿ ತುಂಬಿಕೊಂಡು ನಿಂತಿದೆ.

ನಡುವೆ ಕಲ್ಲು. ಅದರ ಮೇಲೆ ನಸ್ತಾಲೀಖ್ ಲಿಪಿಯಲ್ಲಿ ಹಾಫಿಜನದೇ ಗಜಲುಗಳು. ಬಂದವರು ಎರಡು ಬೆರಳನ್ನು ಕಲ್ಲಿನ ಮೇಲಿಟ್ಟು ಫಾತಿಹಾ ಓದುತ್ತಾರೆ. ನಾವೂ ಬೆರಳಿಟ್ಟೆವು. ಹಗಲ ಬಿಸಿಲು ಇನ್ನೂ ಆ ಕಲ್ಲಿನಲ್ಲಿತ್ತು. ಫಾತಿಹಾ ಓದಿ ಮುಗಿಸಿ ಕೈ ತೆಗೆದಾಗ ನಮಗೆ ದಾದಿಯ ಮಾತು ನೆನಪಾಗಿ, ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ನಿವೃತ್ತ ಶಾಲಾ ಮಾಸ್ತರರು. ಸಂಜೆ ಹೊತ್ತು ಇಲ್ಲಿಗೆ ಬಂದು ಕೂರುವುದು ರೂಢಿಯಂತೆ. ನಮ್ಮ ಫಾರಸಿ ದಾದಾನ ದೀವಾನಿನಿಂದ ಕಲಿತದ್ದು. ಪಂಪನ ಕನ್ನಡದಲ್ಲಿ ಹೋಟೆಲಿನವನ ಬಳಿ ಚಹಾ ಕೇಳಿದರೆ ಹೇಗಿರುತ್ತದೋ ಹಾಗೆ ನಾವು ಮಾತಾಡಿರಬೇಕು. ಅವರು ನಗಲಿಲ್ಲ. ಯಾವ ದೇಶ ಎಂದು ಕೇಳಿದರು. ಹಿಂದೂಸ್ತಾನ ಎಂದೆವು. ಅದರಲ್ಲಿ ಎಲ್ಲಿ ಎಂದರು. ದಖನ್ ಎಂದೆವು. ಅವರ ಮುಖ ಅರಳಿತು. "ಹಾಗಾದರೆ ಖ್ವಾಜಾ ನಿಮ್ಮಲ್ಲಿಗೇ ಬರಬೇಕಿತ್ತು" ಎಂದರು. ಒಂದು ಕತೆಯ ಎರಡು ತುದಿಗಳನ್ನು ಹಿಡಿದವರು ಹೀಗೆ ಎದುರಾದೆವು.

ಆಮೇಲೆ ಅವರು ಮಜಾರಿನ ಚರಿತ್ರೆ ಹೇಳುತ್ತ ಹೋದರು. ಊರಿಗೆ ಬಂದ ಮೇಲೆ ನಾವು ಅದನ್ನು ಪುಸ್ತಕಗಳೊಡನೆ ಹೋಲಿಸಿ ನೋಡಿದ್ದೇವೆ.

ಹಾಫಿಜ್ ತೀರಿಕೊಂಡ ವರುಷವನ್ನು 'ಖಾಕೆ ಮುಸಲ್ಲಾ' ಎಂಬೆರಡು ಪದಗಳಲ್ಲಿ ಅಡಗಿಸಿಟ್ಟಿದ್ದಾರೆ. ಮುಸಲ್ಲಾದ ಮಣ್ಣು ಎಂದು ಅದರ ಅರ್ಥ. ಉರ್ದು ಶಾಲೆಯಲ್ಲಿ ಓದಿದವರಿಗೆ ಅಬ್ಜದ್ ಲೆಕ್ಕ ಗೊತ್ತಿರುತ್ತದೆ: ಖೇಗೆ 600, ಅಲಿಫಿಗೆ 1, ಕಾಫಿಗೆ 20, ಮೀಮಿಗೆ 40, ಸ್ವಾದಿಗೆ 90, ಲಾಮಿಗೆ 30, ಯೇಗೆ 10. ಕೂಡಿದರೆ ಹಿಜರಿ 791, ಅಂದರೆ ಕ್ರಿ.ಶ. 1389. ಅವನನ್ನು ಮಣ್ಣು ಮಾಡುವಾಗಲೇ ಜಗಳವಾಯಿತು ಎಂಬ ದಂತಕಥೆಯಿದೆ. ಮದಿರೆಯನ್ನು ಹಾಡಿದವನಿಗೆ ಜನಾಜಾ ನಮಾಜು ಏಕೆ ಎಂದರಂತೆ ಕೆಲವರು. ಅವನದೇ ಪದ್ಯಗಳನ್ನು ಚೀಟಿಗಳಲ್ಲಿ ಬರೆದು ಒಂದು ಮಗುವಿನ ಕೈಯಿಂದ ಎತ್ತಿಸಿದಾಗ, ಬಂದ ಚೀಟಿ ಅವನ ಪರವಾಗಿಯೇ ಮಾತಾಡಿತಂತೆ. ಕತೆ ನಿಜವೋ ಸುಳ್ಳೋ, ಅದನ್ನು ಶತಮಾನಗಳಿಂದ ಹೇಳಿಕೊಂಡು ಬಂದಿರುವುದಂತೂ ನಿಜ. ಕುರ್‌ಆನನ್ನು ಬಾಯಿಪಾಠ ಮಾಡಿದ್ದಕ್ಕೇ ಹಾಫಿಜ್ ಎನಿಸಿಕೊಂಡವನ ಮೇಲೆ ಈ ಅನುಮಾನ.

ಮೊದಲ ಕಟ್ಟಡ ಎದ್ದದ್ದು 1452ರಲ್ಲಿ, ತೈಮೂರಿ ವಂಶದ ಅಬುಲ್ ಖಾಸಿಂ ಬಾಬರನ ಕಾಲದಲ್ಲಿ. ಇವನು ನಮ್ಮ ಚರಿತ್ರೆಯ ಪುಸ್ತಕದ ಬಾಬರನಲ್ಲ, ಅದೇ ಮನೆತನದ ಇನ್ನೊಬ್ಬ. ಅವನ ಮಂತ್ರಿ ಗೋರಿಯ ಮೇಲೆ ಗುಮ್ಮಟ ಕಟ್ಟಿಸಿ, ರುಕ್ನಾಬಾದ್ ಹೊಳೆಯ ನೀರು ಬಂದು ತುಂಬುವಂತೆ ಕೊಳವೊಂದನ್ನು ಮಾಡಿಸಿದ. ಅದು ಹಾಳಾಗುತ್ತ, ದುರಸ್ತಿಯಾಗುತ್ತ ಬಂತು. 1773ರಲ್ಲಿ ಶಿರಾಜನ್ನು ರಾಜಧಾನಿ ಮಾಡಿಕೊಂಡಿದ್ದ ಕರೀಂ ಖಾನ್ ಜಂದ್, ನಾಲ್ಕು ಎತ್ತರದ ಕಲ್ಲುಕಂಬಗಳ ಪಡಸಾಲೆ ಕಟ್ಟಿಸಿ, ಮುಂದೆ ತೋಟ ಬೆಳೆಸಿ, ಗೋರಿಗೆ ಅಮೃತಶಿಲೆಯ ಕಲ್ಲು ಹಾಕಿಸಿದ. ನಾವು ಬೆರಳಿಟ್ಟದ್ದು ಅದೇ ಕಲ್ಲಿನ ಮೇಲೆ. ಪಡಸಾಲೆಯ 20 ಕಂಬಗಳಲ್ಲಿ ನಡುವಿನ ನಾಲ್ಕು ಇಂದಿಗೂ ಅವನವೇ.

ಇಲ್ಲಿಯವರೆಗೆ ಹೇಳಿ ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಾದರು. ಬಳಿಕ, "ಇನ್ನೊಂದು ಮಾತಿದೆ, ಅದು ನಿಮ್ಮ ದೇಶಕ್ಕೂ ಸೇರಿದ್ದು" ಎಂದರು.

1899ರಲ್ಲಿ ಹಿಂದೂಸ್ತಾನದಿಂದ ಬಂದ ಅರ್ದಶೀರ್ ಎಂಬ ಪಾರ್ಸಿ, ಹಾಫಿಜನ ಗೋರಿಯ ಮೇಲೆ ತನ್ನ ಖರ್ಚಿನಲ್ಲಿ ಹೊಸ ಕಟ್ಟಡ ಕಟ್ಟಿಸತೊಡಗಿದ. ಶಿರಾಜಿನ ಮುಜ್ತಹಿದ್ ಅಲಿ ಅಕ್ಬರ್ ಫಾಲ್ ಅಸೀರಿಗೆ ಇದು ಸಹಿಸಲಿಲ್ಲ. ಕಟ್ಟಿಸುತ್ತಿರುವವನು ಅಗ್ನಿಪೂಜಕ, ಮುಸಲ್ಮಾನನ ಗೋರಿಯನ್ನು ಅವನು ಕಟ್ಟುವುದೆಂದರೇನು ಎಂದು ಅದನ್ನು ಕೆಡವಿಸಿದರು. ಫಾಲ್ ಅಸೀರಿ ಅಲ್ಪ ಮನುಷ್ಯರಲ್ಲ. ಇರಾನಿನ ತಂಬಾಕನ್ನೆಲ್ಲ ದೊರೆ ಬ್ರಿಟಿಷ್ ಕಂಪನಿಗೆ ಬರೆದುಕೊಟ್ಟಾಗ, 1891ರಲ್ಲಿ ಶಿರಾಜಿನಲ್ಲಿ ಅದರ ವಿರುದ್ಧ ಎದ್ದುನಿಂತು ಗಡೀಪಾರಾದವರು. ಪರದೇಶದ ಕಂಪನಿಯ ಎದುರು ನಿಂತ ಅದೇ ಧೈರ್ಯ, ಎಂಟು ವರುಷದ ಬಳಿಕ ಒಬ್ಬ ಪಾರ್ಸಿಯ ಭಕ್ತಿಯ ಎದುರು ಹೀಗೆ ಬಳಕೆಯಾಯಿತು. ಜನ ಪ್ರತಿಭಟಿಸಿದರು. ಮತ್ತೆ ಕಟ್ಟಿ ಎಂದು ಸರಕಾರದ ಅಪ್ಪಣೆಯೂ ಬಂತು. ಆದರೂ ಎರಡು ವರುಷ ಅದು ಹಾಗೇ ಹಾಳುಬಿದ್ದಿತ್ತು. 1901ರಲ್ಲಿ ರಾಜಕುಮಾರನೊಬ್ಬ ಕಲ್ಲಿನ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದ.

"ಖ್ವಾಜಾ ತನ್ನ ಗಜಲುಗಳಲ್ಲಿ ದಾರಿ ಕೇಳುವುದು ಯಾರ ಬಳಿ, ನೆನಪಿದೆಯೇ?" ಎಂದು ಮಾಸ್ತರರು ಕೇಳಿದರು. ನೆನಪಿತ್ತು. ಪೀರೆ ಮುಗಾನ್, ಅಂದರೆ ಅಗ್ನಿಪೂಜಕರ ಹಿರಿಯ. ಹಾಫಿಜನ ಕಾವ್ಯದಲ್ಲಿ ಡಾಂಭಿಕ ಸೂಫಿಗೂ ಮುಹ್ತಸಿಬನಿಗೂ ಸಿಗದ ಗುಟ್ಟು ಅವನಲ್ಲಿರುತ್ತದೆ. ಐನೂರು ವರುಷ ಕಳೆದ ಮೇಲೆ ಆ ಹಿರಿಯನ ಮತದವನೇ ಒಬ್ಬ ನಿಜವಾಗಿ ಬಾಗಿಲಿಗೆ ಬಂದಾಗ, ನಮ್ಮವರು ಅವನ ಕೈಯಿಂದ ಇಟ್ಟಿಗೆ ಕಿತ್ತುಕೊಂಡರು.

ಈಗಿರುವ ಕಟ್ಟಡ 1935ರಲ್ಲಿ ಆರಂಭವಾದ ಕೆಲಸದ ಫಲ. ಶಿಕ್ಷಣ ಮಂತ್ರಿಯಾಗಿದ್ದ ಶಿರಾಜಿನವರೇ ಆದ ಅಲಿ ಅಸ್ಗರ್ ಹಿಕ್ಮತ್ ಮುಂದೆ ನಿಂತು ಮಾಡಿಸಿದರು. ನಕಾಶೆ ಫ್ರಾನ್ಸಿನ ಆಂದ್ರೆ ಗೊದಾರ್ ಮತ್ತು ಮಾಕ್ಸಿಮ್ ಸಿರೂ ಅವರದು. ಅವರು ಕರೀಂ ಖಾನನ ನಾಲ್ಕು ಕಂಬಗಳನ್ನು ಕೀಳಲಿಲ್ಲ. ಅವುಗಳ ಅಕ್ಕಪಕ್ಕ 16 ಕಂಬಗಳನ್ನು ಸೇರಿಸಿ ಪಡಸಾಲೆಯನ್ನು ಉದ್ದ ಮಾಡಿದರು. ಗೋರಿಯನ್ನು ನೆಲದಿಂದ ಒಂದು ಮೀಟರ್ ಎತ್ತರಿಸಿದರು, ಕಲ್ಲು ಮಾತ್ರ ಹಳೆಯದೇ ಇರಲಿ ಎಂದರು. ಜಾಲರಿ ಹೋಯಿತು, ಎಂಟು ಕಂಬಗಳ ಬಯಲು ಮಂಟಪ ಬಂತು. ಬೇಲಿ ಬೇಡವೆಂದು ಅವರು ಏನು ಯೋಚಿಸಿ ತೀರ್ಮಾನಿಸಿದರೋ ನಾವು ಊಹಿಸಲಾರೆವು. ಆದರೆ ಅರ್ದಶೀರನ ಕತೆ ಕೇಳಿದ ಮೇಲೆ ಆ ಕದವಿಲ್ಲದ ಬಾಗಿಲುಗಳನ್ನು ಬೇರೆ ಕಣ್ಣಿನಿಂದ ನೋಡುವಂತಾಯಿತು.

ಇದನ್ನೆಲ್ಲ ಈಗೇಕೆ ಬರೆಯುತ್ತಿದ್ದೇವೆ ಎಂದು ಓದುಗರು ಕೇಳಬಹುದು. ಒಂದು ತಪ್ಪೊಪ್ಪಿಗೆಯಿದೆ.

ನಾವು ಕತೆ ಬರೆಯಲು ತೊಡಗಿದ್ದ ದಿನಗಳವು. 2002ರ ಗುಜರಾತಿನ ಹತ್ಯಾಕಾಂಡದಲ್ಲಿ ಅಹಮದಾಬಾದಿನಲ್ಲಿದ್ದ ವಲಿ ದಖನಿಯ ಮಜಾರನ್ನು ಒಡೆದುಹಾಕಿದರು. ವಲಿ 1707ರಲ್ಲಿ ಆ ಊರಿನಲ್ಲಿ ತೀರಿಕೊಂಡವನು. ನಮ್ಮ ದಾದಿ ಆಡುತ್ತಿದ್ದ ದಖನಿಯನ್ನು ದಿಲ್ಲಿಯ ಕವಿಗಳು ಕಿವಿಗೊಟ್ಟು ಕೇಳುವಂತೆ ಮಾಡಿದವನು. ಅವನ ಮಜಾರ್ ಇದ್ದದ್ದು ಪೊಲೀಸ್ ಕಮಿಷನರರ ಕಚೇರಿಗೆ ಬಲು ಹತ್ತಿರ. ಒಡೆದ ಜಾಗದ ಮೇಲೆ ಡಾಂಬರು ಬಿತ್ತು, ವಾಹನಗಳು ಓಡಿದವು. ಆ ನೋವನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಹೇಳಲೇಬೇಕಾದ ನೋವು ಅದು.

ಶಿರಾಜಿನಿಂದ ಬಂದ ಮರುವರುಷ, ಸೌಹಾರ್ದದ ಬಗ್ಗೆ ನಡೆದ ಒಂದು ಸಾಹಿತ್ಯ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದಿದ್ದರು. ವಲಿಯ ಕತೆ, ಅರ್ದಶೀರನ ಕತೆ ಎರಡನ್ನೂ ಬರೆದುಕೊಂಡು ಹೋಗಿದ್ದೆವು. ವೇದಿಕೆ ಹತ್ತುವ ಮೊದಲು ಹಿರಿಯರೊಬ್ಬರು ಹಾಳೆಗಳ ಮೇಲೆ ಕಣ್ಣಾಡಿಸಿ, ಮೆಲ್ಲಗೆ ಪಕ್ಕಕ್ಕೆ ಕರೆದರು. "ಮೊದಲೇ ಕಾಲ ಸರಿಯಿಲ್ಲ. ನಮ್ಮವರ ತಪ್ಪನ್ನು ನಾವೇ ಮೈಕಿನಲ್ಲಿ ಹೇಳಿದರೆ ಬೇಡದವರ ಕೈಗೆ ಕೋಲು ಕೊಟ್ಟಂತೆ ಆಗುವುದಿಲ್ಲವೇ?" ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಅಂಜಿಕೆಯಿತ್ತು. ಆ ಅಂಜಿಕೆ ಸುಳ್ಳೆಂದು ಹೇಳುವ ಹಾಗೂ ಇರಲಿಲ್ಲ. ನಾವು ಒಂದು ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ವಲಿಯ ಬಗ್ಗೆ ಮಾತ್ರ ಮಾತಾಡಿದೆವು. ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು.

ಅಂದು ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಶಿರಾಜಿನ ಆ ಮಾಸ್ತರರು ಪದೇ ಪದೇ ಕಣ್ಣ ಮುಂದೆ ಬಂದರು. ಅವರು ತಮ್ಮ ಊರಿನ ನಾಚಿಕೆಯನ್ನು, ಯಾರೂ ಕೇಳದಿದ್ದರೂ, ಮೊದಲ ಸಲ ಕಂಡ ಪರದೇಶಿಯ ಮುಂದೆ ಹೇಳಿದ್ದರು. ಹೇಳಿದ್ದರಿಂದ ಅವರ ಊರು ನಮ್ಮ ಕಣ್ಣಲ್ಲಿ ಸಣ್ಣದಾಗಲಿಲ್ಲ, ಶಿರಾಜಿನ ಮೇಲೆ ನಂಬಿಕೆ ಬಂತು.

ಎರಡು ಘಟನೆಗಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅಹಮದಾಬಾದಿನಲ್ಲಿ ಮಜಾರಿನ ಜೊತೆ ಮನುಷ್ಯರೂ ಸತ್ತರು. ಶಿರಾಜಿನಲ್ಲಿ ಕೆಡವಿದ್ದನ್ನು ಊರ ಜನರೇ ಖಂಡಿಸಿದರು. ತಕ್ಕಡಿಯಲ್ಲಿಟ್ಟು ಸಮ ಮಾಡುವ ವ್ಯವಹಾರ ಇದಲ್ಲ. ಆದರೆ ವಲಿಯ ಮಜಾರನ್ನು ಕುರಿತು ನಾವು ಕೇಳುವ ಪ್ರಶ್ನೆಯೊಂದಿದೆ: ಕವಿ ನಿಮ್ಮವನಲ್ಲ ಎಂದು ಹೇಳಲು ಇವರು ಯಾರು? ಆ ಪ್ರಶ್ನೆಯನ್ನು ಅರ್ದಶೀರನೂ ಕೇಳಬಹುದಿತ್ತು, ಕೇಳಬೇಕಾಗಿದ್ದದ್ದು ನಮ್ಮನ್ನು. ಅದನ್ನು ಅಡಗಿಸಿಟ್ಟುಕೊಂಡು ನಾವು ಕೇಳುವ ಪ್ರಶ್ನೆಗೆ ಎಲ್ಲಿಂದ ಬಲ ಬರಬೇಕು?

ಕಿಸೆಯಲ್ಲಿ ಮಡಚಿಟ್ಟ ಹಾಳೆ ಬಹಳ ವರುಷ ದಾದಾನ ದೀವಾನಿನ ನಡುವೆ ಇತ್ತು. ಹೋದ ತಿಂಗಳು ನಮ್ಮ ಮಗಳು ಪರೀಕ್ಷೆಗೆ ಹೊರಟಾಗ, ತಮಾಷೆಗೆಂದು, "ದಾದಾನ ಹಾಗೆ ಫಾಲ್ ನೋಡಿ" ಎಂದಳು. ವುಜೂ ಮಾಡಿ ಬಂದು, ಕಣ್ಣು ಮುಚ್ಚಿ ಪುಸ್ತಕ ತೆರೆದರೆ ಕೈಗೆ ಸಿಕ್ಕದ್ದು ಗಜಲಲ್ಲ, ಆ ಹಾಳೆ. ಇದರಲ್ಲಿ ಪವಾಡವೇನೂ ಇಲ್ಲ. ಹಾಳೆ ಇಟ್ಟ ಕಡೆ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ. ಮಗಳು "ಏನು ಬಂತು?" ಎಂದಳು. ಅವಳನ್ನು ಕೂರಿಸಿಕೊಂಡು ಬಾರದ ಅತಿಥಿಯ ಕತೆ, ಎಂಟು ಕಂಬಗಳ ಕತೆ, ವಲಿಯ ಕತೆ ಹೇಳಿದೆವು. ಅರ್ದಶೀರನ ಕತೆಯನ್ನೂ ಬಿಡದೆ ಹೇಳಿದೆವು.

ಅದೇ ಹಾಳೆಯನ್ನು ಈ ತಿಂಗಳು ಬಿಡಿಸಿ ನಿಮ್ಮ ಮುಂದೆ ಇಟ್ಟಿದ್ದೇವೆ.